ಯಾರ ಪೈಕಿ?

ಹಲಗೆ ಎಂದರೆ ನಮ್ಮ ಕಡೆ ಎರಡು. ಒಂದು, ನಮ್ಮ ಅಜ್ಜಂದಿರು ಬೆಂಕಿಗೆ ಕಾಯಿಸಿ ಹೆಗಲಿಗೆ ತೂಗುಬಿಟ್ಟು ಬಾರಿಸಿದ ಚರ್ಮದ ಹಲಗೆ. ಇನ್ನೊಂದು, ರಾಣೇಬೆನ್ನೂರು, ಹಾವೇರಿ, ಬ್ಯಾಡಗಿಯ ಓಣಿಗಳಲ್ಲಿ ಗೇಟಿಗೆ ಕಟ್ಟಿದ ತಗಡಿನ ಹಲಗೆ: ‘ಮನೆ ಬಾಡಿಗೆಗೆ ಇದೆ’. ನಾವು ಹಲಗೇರಿಯ ಕೇರಿಯಿಂದ ಬಂದವರು. ಸಾವಿನ ಸುದ್ದಿ, ಜಾತ್ರೆಯ ಸುದ್ದಿ, ಕಂದಾಯ ಕಟ್ಟುವ ಸುದ್ದಿ ಎಲ್ಲವನ್ನೂ ಮೊದಲನೆಯ ಹಲಗೆ ಬಾರಿಸಿ ಊರಿಗೆ ಸಾರಿದ್ದು ನಮ್ಮ ಮಂದಿ. ಎರಡನೆಯ ಹಲಗೆ ಸಾರುವ ಸುದ್ದಿ ಮಾತ್ರ ನಮ್ಮ ಮಂದಿಗಲ್ಲ.

ಹಾಗೆಂದು ಆ ಹಲಗೆಯ ಮೇಲೆ ಯಾರೂ ಬರೆದಿಲ್ಲ. ಬರೆಯುವಷ್ಟು ದಡ್ಡರಲ್ಲ ಅವರು. ಬಾಗಿಲು ತಟ್ಟಿದ ಮೇಲೆ ಮಾತು ಶುರುವಾಗುತ್ತದೆ.

‘ಮನಿ ಐತೇನ್ರೀ?’

‘ಐತಿ, ಬರ್ರಿ ಬರ್ರಿ. ಮ್ಯಾಲಿಂದು. ಎರಡು ಖೋಲಿ, ಅಡಗಿಮನಿ ಬ್ಯಾರೆ. ನೀರು ಚಲೋ ಬರ್ತಾವು. ಏನ್ ಮಾಡ್ಕೊಂಡೀರಿ?’

‘ಬಿ.ಎ. ಮುಗದೈತ್ರಿ. ಪರೀಕ್ಷೆಗೆ ಓದಾಕತ್ತೀವ್ರಿ.’

‘ಚಲೋ ಆತು. ಯಾವೂರು?’

‘ಹಲಗೇರಿ.’

‘ಹಲಗೇರ್ಯಾಗ ಯಾರ ಪೈಕಿ?’

ಇಷ್ಟೇ. ಈ ಎರಡು ಶಬ್ದದಲ್ಲಿ ಮನುಸ್ಮೃತಿಯ ಎಲ್ಲ ಅಧ್ಯಾಯಗಳೂ ಅಡಗಿ ಕೂತಿವೆ. ಪೈಕಿ ಹೇಳಿದ ಮರುಗಳಿಗೆಯಲ್ಲಿ ಮನೆಯ ಗುಣವೇ ಬದಲಾಗುತ್ತದೆ. ಚಲೋ ಬರುತ್ತಿದ್ದ ನೀರು ನಿಂತುಹೋಗುತ್ತದೆ. ಖಾಲಿ ಇದ್ದ ಖೋಲಿಗೆ ಹುಬ್ಬಳ್ಳಿಯ ಅಳಿಯ ಬರುವವನಿರುತ್ತಾನೆ. ‘ನಮಗೇನೂ ಇಲ್ಲ ತಮ್ಮಾ, ಮನ್ಯಾಗ ಹಿರೇರು ಅದಾರ. ದೇವ್ರ ಮನಿ ಕೆಳಗೈತಿ.’ ದೇವರು ಕೆಳಗಿರುವಾಗ ನಾವು ಮೇಲೆ ಇರುವುದು ಹೇಗೆ? ಸಾವಿರ ವರ್ಷ ದೇವರೂ ನಾವೂ ಒಂದು ಸೂರಿನಡಿ ಇದ್ದವರಲ್ಲ, ಹೀಗಾಗಿ ದೇವರಿಗೂ ರೂಢಿ ಇರಲಿಕ್ಕಿಲ್ಲ.

ಅಸ್ಪೃಶ್ಯತೆ ಈಗೆಲ್ಲಿದೆ ಎಂದು ಕೇಳುವ ಮಹನೀಯರು ನಮ್ಮ ಜೊತೆ ಒಂದು ದಿನ ಬರಲಿ. ಬೆಳಿಗ್ಗೆಯಿಂದ ಸಂಜೆಯವರೆಗೆ ರಾಣೇಬೆನ್ನೂರಿನ ಓಣಿ ಸುತ್ತೋಣ. ಹೋಟೆಲಿನಲ್ಲಿ ಚಹಾ ಕೊಡುತ್ತಾರೆ, ಕೊಡದಿದ್ದರೆ ಸುದ್ದಿಯಾಗುತ್ತದೆ. ಕ್ಷೌರ ಮಾಡುತ್ತಾರೆ, ಮಾಡದಿದ್ದರೆ ತಹಶೀಲ್ದಾರರು ಜೀಪಿನಲ್ಲಿ ಬರುತ್ತಾರೆ. 2000ನೇ ಇಸವಿಯಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮವರು ಏಳು ಜನರನ್ನು ಸುಟ್ಟು ಕೊಂದರು. ನಾಡು ನಡುಗಿತು, ಆರೋಪಿಗಳು ಮಾತ್ರ ಖುಲಾಸೆಯಾದರು. ಹೆಣ ಬಿದ್ದರೆ ನಾಡಿಗೆ ಕಾಣುತ್ತದೆ. ಬಾಗಿಲು ಮುಚ್ಚಿದರೆ ಕಾಣುವುದಿಲ್ಲ. ಮುಚ್ಚಿದ ಬಾಗಿಲಿಗೆ ಸಾಕ್ಷಿ ಯಾರು? ಮುಚ್ಚಿದವನು ಮತ್ತು ಹೊರಗೆ ನಿಂತವನು. ಮುಚ್ಚಿದವನು ನಗುನಗುತ್ತ, ನೀರು ಕೊಟ್ಟು, ‘ಬ್ಯಾರೆ ಕಡೆ ಇದ್ರ ಹೇಳ್ತೀನಿ ತಮ್ಮಾ’ ಎಂದು ಕಳಿಸಿರುತ್ತಾನೆ. ಆದ್ದರಿಂದಲೇ ಇದು ಈ ಕಾಲಕ್ಕೆ ತಕ್ಕ ಅಸ್ಪೃಶ್ಯತೆ. ಇದಕ್ಕೆ ಬಯ್ಗುಳ ಬೇಕಿಲ್ಲ, ಬಡಿಗೆ ಬೇಕಿಲ್ಲ.

ನಮ್ಮ ಭಾಗದಲ್ಲಿ ಅಡ್ಡಹೆಸರಿನ ಪೀಡೆ ಬೇರೆ. ಮೈಸೂರು ಕಡೆಯ ಗೆಳೆಯರಿಗೆ ಇನಿಷಿಯಲ್ ಒಂದು ಮರೆ ಆಗುತ್ತದೆ. ನಮಗೆ ಆ ಮರೆಯೂ ಇಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಅಪ್ಪನ ಮುಖ ನೋಡಿ ‘ಹರಿಜನ’ ಎಂದು ಬರೆದರು, ‘ಮಾದರ’ ಎಂದು ಬರೆದರು. ಅದೇ ಮಾರ್ಕ್ಸ್ ಕಾರ್ಡಿಗೆ ಬಂತು, ಆಧಾರಕ್ಕೆ ಬಂತು, ಬ್ಯಾಂಕಿನ ಪುಸ್ತಕಕ್ಕೆ ಬಂತು. ಈಗ ಮನೆ ಮಾಲೀಕ ‘ಆಧಾರ್ ಝೆರಾಕ್ಸ್ ಕೊಡ್ರಿ’ ಎನ್ನುತ್ತಾನೆ. ಪೈಕಿ ಕೇಳುವ ಕೆಲಸವೂ ಅವನಿಗೆ ಉಳಿಯಿತು. ಕೆಲವು ಹಿತೈಷಿಗಳು ಉಪದೇಶ ಮಾಡುತ್ತಾರೆ: ‘ಹೆಸರು ಬದಲಿಸಿಕೊಳ್ರಿ, ಕೋರ್ಟಿನ್ಯಾಗ ಅಫಿಡವಿಟ್ ಮಾಡಿಸಿದ್ರ ಆತು.’ ರೋಗ ಇರುವುದು ಅವರ ಕಣ್ಣಿನಲ್ಲಿ, ಔಷಧಿ ಕುಡಿಯಬೇಕಾದವರು ನಾವೋ? ಸುಳ್ಳು ಹೆಸರಿನಲ್ಲಿ ಹಿಡಿದ ಮನೆಯಲ್ಲಿ ಅವ್ವ ಬಂದರೆ ಮಾತು ತಗ್ಗಿಸಬೇಕು, ಕೇರಿಯ ಗೆಳೆಯ ಬಂದರೆ ಯಾರೋ ಎನ್ನಬೇಕು, ಗೋಡೆಗೆ ಬಾಬಾಸಾಹೇಬರ ಪಟ ಹಾಕುವಂತಿಲ್ಲ. ತಿಂಗಳ ಬಾಡಿಗೆ ಕೊಟ್ಟು ಜೈಲು ಸೇರುವುದೆಂದರೆ ಇದು.

ಹಳ್ಳಿಯ ಮಾಸ್ತರರೇ, ಈಗ ಹೇಳುವ ಮಾತು ನಿಮಗೆ. ಇದನ್ನು ನೀವು ನಮಗಿಂತ ಚೆನ್ನಾಗಿ ಬಲ್ಲಿರಿ.

ನಮ್ಮ ಕೇರಿಗಳಿಂದ ಮೊದಲ ಬಾರಿಗೆ ಡಿ.ಎಡ್., ಬಿ.ಎಡ್. ಮಾಡಿ ಮಾಸ್ತರಾದವರು, ನರ್ಸಮ್ಮ ಆದವರು, ಪಂಚಾಯತಿಯ ಪಿಡಿಒ ಆದವರು, ಲೈನ್‌ಮನ್ ಆದವರು ಇದ್ದಾರೆ. ನೌಕರಿಯ ಆದೇಶ ಬರುತ್ತದೆ. ಕೇರಿಯೆಲ್ಲ ಹಬ್ಬ ಮಾಡುತ್ತದೆ. ಅವರು ಹೋಗಿ ಸೇರುವ ಊರಿಗೆ ಅವರಿಗಿಂತ ಮುಂಚೆ ಅವರ ಪೈಕಿ ಹೋಗಿ ತಲುಪಿರುತ್ತದೆ. ಊರಿನಲ್ಲಿ ಮನೆಗಳಿಲ್ಲವೇ? ಇವೆ. ಮಗ ಬೆಂಗಳೂರು ಸೇರಿ, ಮುದುಕರು ತೀರಿಕೊಂಡು, ಕೀಲಿ ಹಾಕಿಕೊಂಡು ನಿಂತ ಮನೆಗಳಿವೆ. ಅಟ್ಟದ ಮೇಲೆ ಇಲಿ ಓಡಾಡುವ, ಅಂಗಳದಲ್ಲಿ ಹುಲ್ಲು ಬೆಳೆದ ದೊಡ್ಡ ದೊಡ್ಡ ಮನೆಗಳಿವೆ. ಇಲಿಗೆ ಯಾರೂ ಪೈಕಿ ಕೇಳಿಲ್ಲ. ಮಾಸ್ತರ ಕೇಳಿದರೆ ಉತ್ತರ ಸಿದ್ಧವಾಗಿದೆ: ‘ಕೇರ್ಯಾಗ ನಿಮ್ಮವರವು ಅದಾವಲ್ರಿ ಸರ್.’ ಕೇರಿಯಲ್ಲಿ ಒಂದು ಖೋಲಿಗೆ ಆರು ಮಂದಿ ಇದ್ದಾರೆ, ಅಲ್ಲಿ ಬಾಡಿಗೆಗೆ ಕೊಡಲು ಏನಿದೆ?

ಹೀಗಾಗಿ ಮಾಸ್ತರ ತಾಲೂಕಿನ ಪೇಟೆಯಲ್ಲಿ, ಅದೂ ಹತ್ತು ಬಾಗಿಲು ತಟ್ಟಿದ ಮೇಲೆ ಸಿಕ್ಕ ಪೇಟೆಯಂಚಿನ ಮನೆಯಲ್ಲಿ ಇರುತ್ತಾನೆ. ದಿನಾ ಬಸ್ಸು. ಬಸ್ಸು ತಡವಾದರೆ ಮಾಸ್ತರ ತಡ. ಮಳೆಗಾಲದಲ್ಲಿ ಹಳ್ಳ ಬಂದರೆ ಮಾಸ್ತರ ಗೈರು. ಆಗ ಊರಿನ ಪ್ರಮುಖರು ಕೂಡಿ ಮೇಲಿನವರಿಗೆ ಅರ್ಜಿ ಗೀಚುತ್ತಾರೆ: ‘ಸದರಿ ಶಿಕ್ಷಕರು ಕೇಂದ್ರಸ್ಥಾನದಲ್ಲಿ ವಾಸವಿರುವುದಿಲ್ಲ.’ ಅರ್ಜಿಗೆ ಸಹಿ ಹಾಕಿದವರಲ್ಲಿ ಕೀಲಿ ಹಾಕಿದ ಮನೆಯ ಯಜಮಾನನೂ ಇರುತ್ತಾನೆ! ಮನೆ ಕೊಡದವನೇ ಮನೆ ಮಾಡಿಲ್ಲವೆಂದು ದೂರು ಕೊಡುತ್ತಾನೆ. ಇಲಾಖೆಯವರು ನೋಟೀಸು ಕೊಡುತ್ತಾರೆ. ಮನೆಬಾಡಿಗೆ ಭತ್ಯೆ ಸಂಬಳದಲ್ಲಿ ಬರುತ್ತದಲ್ಲ ಎನ್ನುತ್ತಾರೆ. ಭತ್ಯೆ ಸರ್ಕಾರ ಕೊಡುತ್ತದೆ, ಮನೆ ಯಾರು ಕೊಡುತ್ತಾರೆ? ನೋಟೀಸಿಗೆ ಉತ್ತರ ಬರೆಯುವ ಜಾಗದಲ್ಲಿ ‘ನನಗೆ ಈ ಊರಿನಲ್ಲಿ ಜಾತಿ ಕಾರಣದಿಂದ ಮನೆ ಸಿಕ್ಕಿಲ್ಲ’ ಎಂದು ಬರೆದ ಮಾಸ್ತರರು ಎಷ್ಟು ಜನ? ಬರೆದರೆ ನಾಳೆ ಅದೇ ಊರಿನಲ್ಲಿ ಪಾಠ ಮಾಡಬೇಕು ಎಂಬ ಅಂಜಿಕೆ. ಆ ಅಂಜಿಕೆ ನಮಗೆ ಅರ್ಥವಾಗುತ್ತದೆ. ಅದರ ಮೇಲೆಯೇ ಈ ವ್ಯವಸ್ಥೆ ಕಾಲು ಚಾಚಿ ಮಲಗಿದೆ ಎಂಬುದನ್ನೂ ಹೇಳಬೇಕಾಗಿದೆ. ಮಾಸ್ತರತಿಯರ ಪಾಡು ಇನ್ನೂ ಕಷ್ಟ. ಸಂಜೆಯ ಬಸ್ಸು ತಪ್ಪಿದರೆ ರಾತ್ರಿ ತಂಗಲು ಅಕ್ಕ ಎನ್ನುವವರ ಮನೆಯೊಂದು ಊರಲ್ಲಿಲ್ಲ. ಮಕ್ಕಳು ಬೆಳಿಗ್ಗೆ ‘ನಮಸ್ತೇ ಸರ್’ ಎಂದು ಎದ್ದು ನಿಲ್ಲುತ್ತವೆ, ಸಂಜೆ ಅದೇ ಸರ್ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದನ್ನು ನೋಡುತ್ತವೆ. ಯಾಕೆಂದು ಮನೆಯಲ್ಲಿ ಕೇಳುತ್ತವೆ, ಮನೆಯಲ್ಲಿ ಹೇಳಿಕೊಡುತ್ತಾರೆ.

ದುಡ್ಡು ಬಂದರೆ, ಪೇಟೆ ಬೆಳೆದರೆ ಜಾತಿ ತಾನಾಗಿ ಕರಗುತ್ತದೆ ಎಂದು ಹೇಳಿದ ಪಂಡಿತರಿಗೆ ಬ್ಯಾಡಗಿ ತೋರಿಸೋಣ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿತು. ಆ ಮೆಣಸಿನಕಾಯಿಗೆ ಇರಲು ಕೋಲ್ಡ್ ಸ್ಟೋರೇಜುಗಳಿವೆ. ಚೀಲಕ್ಕೆ ಇಂತಿಷ್ಟು ಬಾಡಿಗೆ ಕಟ್ಟಿದರೆ ತಂಪಾದ ಕೋಣೆ ಸಿಗುತ್ತದೆ. ಯಾರ ಹೊಲದ್ದು, ಬಿಡಿಸಿದವರ ಕೈ ಯಾವ ಪೈಕಿಯದು ಎಂದು ಯಾರೂ ಕೇಳುವುದಿಲ್ಲ. ಅದೇ ಮೆಣಸಿನಕಾಯಿಯ ತೊಟ್ಟು ಮುರಿದು ಮುರಿದು ಕೈ ಉರಿ ಹತ್ತಿಸಿಕೊಂಡ ಹೆಣ್ಣುಮಗಳು ಮಗನ ಕಾಲೇಜಿಗೆಂದು ಒಂದು ಖೋಲಿ ಕೇಳಿದರೆ ಪೈಕಿ ಹೇಳಬೇಕು. ಮಾರುಕಟ್ಟೆಗೆ ಕಣ್ಣಿಲ್ಲ ಎನ್ನುತ್ತಾರೆ. ಇದೆ, ಬಹಳ ಚುರುಕಾದ ಕಣ್ಣಿದೆ. ಮೆಣಸಿನಕಾಯಿಯ ಮುಂದೆ ಮುಚ್ಚುತ್ತದೆ, ನಮ್ಮ ಮುಂದೆ ತೆರೆಯುತ್ತದೆ. ಇನ್ನೊಂದು ಮಾತು: ಕೊಟ್ಟರೂ ಹೆಚ್ಚಿಗೆ ಕೊಡಿಸಿಕೊಂಡೇ ಕೊಡುತ್ತಾರೆ. ಗಟಾರದ ಬಾಯಿಗಿರುವ, ಬಿಸಿಲಿಗೆ ಕಾದು ಹಂಚಾಗುವ ತಗಡಿನ ಖೋಲಿಗೆ ಒಳ್ಳೆಯ ಓಣಿಯ ಬಾಡಿಗೆ. ಎಲ್ಲಿಗೆ ಹೋದಾರು ಎಂಬ ಧೈರ್ಯ ಅವರಿಗೆ.

ಹಳ್ಳಿಯ ಗೊಬ್ಬರದ ಗುಂಡಿ ಬಿಟ್ಟು ಪಟ್ಟಣಕ್ಕೆ ಬನ್ನಿ ಎಂದು ನಮ್ಮನ್ನು ಕರೆದ ಬಾಬಾಸಾಹೇಬರೇ ಪಟ್ಟಣದಲ್ಲಿ ಮನೆ ಸಿಗದೆ ಅತ್ತವರು. 1917ರಲ್ಲಿ ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಅವರಿಗೆ ಹಿಂದೂಗಳ ಹೋಟೆಲು ಇಲ್ಲ, ಬಾಡಿಗೆ ಮನೆ ಇಲ್ಲ. ಪಾರ್ಸಿಗಳ ತಂಗುದಾಣವೊಂದರಲ್ಲಿ ಪಾರ್ಸಿ ಹೆಸರಿನಲ್ಲಿ ಇದ್ದರು. ಗೊತ್ತಾದ ಮೇಲೆ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಇಬ್ಬರು ಗೆಳೆಯರನ್ನು ಕೇಳಿದರು. ಹಿಂದೂ ಗೆಳೆಯ, ನೀವು ಬಂದರೆ ಆಳುಗಳು ಬಿಟ್ಟುಹೋಗುತ್ತಾರೆ ಎಂದ. ಕ್ರೈಸ್ತ ಗೆಳೆಯ, ಹೆಂಡತಿಯನ್ನು ಕೇಳಬೇಕು ಎಂದ. ಇದನ್ನೆಲ್ಲ ಅವರೇ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ಬರೆದಿಟ್ಟಿದ್ದಾರೆ. ಆಳು, ಹೆಂಡತಿ, ಹಿರಿಯರು, ದೇವರು! ನೂರು ವರ್ಷವಾದರೂ ಇವರ ನೆಪದ ಚೀಲಕ್ಕೆ ಹೊಸ ಸರಕೇ ಬಂದಿಲ್ಲ. ಎಲ್ಲ ಮಾಲೀಕರೂ ಒಳ್ಳೆಯವರೇ. ಕೆಟ್ಟವರು ಯಾವಾಗಲೂ ಒಳಗಿನ ಕೋಣೆಯಲ್ಲಿರುತ್ತಾರೆ, ನಮಗೆ ಕಾಣುವುದಿಲ್ಲ.

‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಹಲಗೆಯೂ ಈಗ ಹೆಚ್ಚಾಗಿದೆ. ಇದು ಜಾತಿಗೆ ತೊಡಿಸಿದ ಇಸ್ತ್ರಿ ಅಂಗಿ. ನಾವು ಮಾಂಸ ಮುಟ್ಟುವುದಿಲ್ಲ ಎಂದು ಪ್ರಮಾಣ ಮಾಡಿದರೂ ಆ ಮನೆ ಸಿಗುವುದಿಲ್ಲ. ವರ್ಷಕ್ಕೊಮ್ಮೆ ಕುರಿ ಕಡಿದು ಜಾತ್ರೆ ಮಾಡುವವರ ಮನೆಯೂ ನಮಗೆ ಸಿಗುವುದಿಲ್ಲ. ಅಲ್ಲಿ ಬೇರೆ ನೆಪ.

ಇನ್ನು ನಮ್ಮ ಜಿಲ್ಲೆಯ ಹಿರಿಮೆ ಕೇಳಿ. ಕಾಗಿನೆಲೆಯ ಕನಕದಾಸ ನಮ್ಮವನು, ಶಿಶುನಾಳದ ಶರೀಫಜ್ಜ ನಮ್ಮವನು, ದೋಣಿ ನಡೆಸಿ ವಚನ ಬರೆದ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರ ನಮ್ಮ ರಾಣೇಬೆನ್ನೂರು ತಾಲೂಕಿನದೇ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಪ್ರಧಾನ ವೇದಿಕೆಗೆ ಕನಕ, ಶರೀಫ, ಸರ್ವಜ್ಞರ ಹೆಸರಿತ್ತು. 2024ರಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಸಂತೋಷ. ಬಂದವನನ್ನು ಯಾರವನೆಂದು ಕೇಳಬಾರದು ಎಂದು ಹೇಳಿದ್ದಕ್ಕೇ ಅಲ್ಲವೇ ಆ ಮನುಷ್ಯನನ್ನು ನಾವು ನೆನೆಯುವುದು? ಹರಳಯ್ಯ, ಮಧುವರಸರ ಮಕ್ಕಳ ಮದುವೆಯಿಂದ ಅಲ್ಲವೇ ಕಲ್ಯಾಣಕ್ಕೆ ಬೆಂಕಿ ಬಿದ್ದದ್ದು? ಪಡಸಾಲೆಯಲ್ಲಿ ಬಸವಣ್ಣನ ಪಟ ಹಾಕಿ, ಅದರ ಕೆಳಗೇ ಕೂತು ‘ಯಾರ ಪೈಕಿ’ ಎಂದು ಕೇಳುವವರಿಗೆ ನಾಚಿಕೆಯಾಗುವುದಿಲ್ಲ. ಪಟಕ್ಕೆ ಮಾತ್ರ ಆಗುತ್ತಿರಬಹುದು.

ಸಭೆಗಳಲ್ಲಿ ನಮ್ಮ ಹೆಗಲ ಮೇಲೆ ಕೈ ಹಾಕುವ ಪ್ರಗತಿಪರ ಗೆಳೆಯರಿಗೂ ಒಂದು ಪ್ರಶ್ನೆ ಇದೆ. ನಿಮ್ಮಲ್ಲಿ ಎಷ್ಟೋ ಜನರಿಗೆ ಮೇಲಂತಸ್ತಿನ ಮನೆ ಇದೆ. ಅದರಲ್ಲಿ ಈಗ ಯಾರಿದ್ದಾರೆ? ಕವಿತೆ ಓದಲು ನಮ್ಮನ್ನು ಕರೆಯುವ ನೀವು ಕೀಲಿಕೈ ಕೊಡಲು ಕರೆದಿದ್ದೀರಾ? ನಮ್ಮೊಳಗಿನವರನ್ನೂ ಬಿಡುವುದಿಲ್ಲ. ಪೇಟೆಯಲ್ಲಿ ಮನೆ ಕಟ್ಟಿಸಿದ ಚಲವಾದಿ ಸಾಹೇಬರು ಮಾದರ ಹುಡುಗನಿಗೆ ಖೋಲಿ ಕೊಡಲು ಹಿಂದೆ ಮುಂದೆ ನೋಡಿದರೆ ಅದಕ್ಕೆ ಬೇರೆ ಹೆಸರಿಲ್ಲ. ತುಂಗಭದ್ರೆಯ ಆಚೆ ಹರಿಹರದಲ್ಲಿ ಹುಟ್ಟಿದ ಬಿ. ಕೃಷ್ಣಪ್ಪನವರು ಕಟ್ಟಿದ ಸಂಘಟನೆಯ ಹೆಸರು ಹೇಳಿಕೊಳ್ಳುವವರು ಇದನ್ನು ಮೊದಲು ಮನೆಯಲ್ಲಿ ಇತ್ಯರ್ಥ ಮಾಡಿಕೊಳ್ಳಲಿ.

ಮನೆ ಅವನದು, ಕೊಡುವುದು ಬಿಡುವುದು ಅವನ ಇಷ್ಟ ಎಂಬ ವಾದ ಇದೆ. ಹೋಟೆಲೂ ಮಾಲೀಕನ ಸ್ವಂತದ್ದೇ ಆಗಿತ್ತಲ್ಲ? ಕ್ಷೌರಿಕನ ಕತ್ತರಿ ಅವನದೇ ಅಲ್ಲವೇ? ಹಲಗೆ ಹಾಕಿ, ಬಾಡಿಗೆ ಹೇಳಿ, ಅಡ್ವಾನ್ಸು ಕೇಳಿದ ಮೇಲೆ ಅದು ವ್ಯಾಪಾರ. ವ್ಯಾಪಾರಕ್ಕೆ ಇಟ್ಟದ್ದನ್ನು ಜಾತಿ ನೋಡಿ ಇಲ್ಲ ಎನ್ನುವುದು ಇಷ್ಟವಲ್ಲ, ಅಪರಾಧ. ಇದು ನಮ್ಮ ಸಿಟ್ಟಿನ ಮಾತಲ್ಲ. 1955ರ ಅಸ್ಪೃಶ್ಯತಾ (ಅಪರಾಧಗಳ) ಕಾಯ್ದೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೊಸ ಹೆಸರು ಪಡೆಯಿತು. ಅದರ 4ನೇ ಕಲಮು ಓದಿ. ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ಇರುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡುವುದನ್ನು ಅದು ಶಿಕ್ಷಾರ್ಹ ಎನ್ನುತ್ತದೆ. 12ನೇ ಕಲಮು ಇನ್ನೂ ಮುಖ್ಯ. ಪರಿಶಿಷ್ಟ ಜಾತಿಯವರ ವಿಷಯದಲ್ಲಿ ಅಂಥ ಕೃತ್ಯ ನಡೆದಿದ್ದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದೆಂದು ನ್ಯಾಯಾಲಯ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಎದುರಿನವನದು. ಇಂಥ ಗಟ್ಟಿ ಕಲಮು ನಮ್ಮ ಕೈಯಲ್ಲಿದ್ದೂ ತುಕ್ಕು ಹಿಡಿದಿದೆ. ಶಿಕ್ಷೆಯೋ, ಒಂದರಿಂದ ಆರು ತಿಂಗಳು ಜೈಲು, 100ರಿಂದ 500 ರೂಪಾಯಿ ದಂಡ. ಈ ದಂಡ ಕೆಲವು ಮನೆಗಳ ಒಂದು ತಿಂಗಳ ಕರೆಂಟ್ ಬಿಲ್ಲಿಗಿಂತ ಕಡಿಮೆ. ನಮ್ಮ ಮಾನಕ್ಕೆ ಸರ್ಕಾರ ಕಟ್ಟಿದ ಬೆಲೆ ಅಷ್ಟು.

ಬಾಡಿಗೆಯ ಕಾನೂನುಗಳು ಏನು ಹೇಳುತ್ತವೆ? 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಾಡಿಗೆ ಎಷ್ಟು, ಯಾವಾಗ ಬಿಡಿಸಬಹುದು ಎಂಬುದನ್ನು ಹೇಳುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಜಿಟ್ಟು ಇಸಿದುಕೊಳ್ಳಬಾರದು ಎನ್ನುತ್ತದೆ. ಮನೆಯೊಳಗೆ ಕಾಲಿಟ್ಟವನಿಗೆ ಇವೆಲ್ಲ. ಹೊಸ್ತಿಲಾಚೆ ನಿಂತವನ ಬಗ್ಗೆ, ಪೈಕಿ ಕೇಳುವುದರ ಬಗ್ಗೆ ಎರಡೂ ತುಟಿ ಬಿಚ್ಚುವುದಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ, ಸಂಘ ತನ್ನ ಸದಸ್ಯತ್ವವನ್ನು ಸ್ವಂತ ಸಮುದಾಯಕ್ಕೆ ಸೀಮಿತಗೊಳಿಸಿಕೊಳ್ಳಬಹುದು ಎಂದಿತು. ಪಾರ್ಸಿಗಳು ಬೆರಳೆಣಿಕೆಯ ಜನ, ಅವರ ಮಾತು ಬೇರೆ ಇರಬಹುದು. ಅದೇ ಬಾಗಿಲಲ್ಲಿ ಬಲಾಢ್ಯ ಜಾತಿಗಳೂ ತಮ್ಮ ತಮ್ಮ ಕಾಲೊನಿಗೆ ಗೋಡೆ ಕಟ್ಟಿಕೊಳ್ಳುತ್ತವೆ ಎಂಬುದು ನ್ಯಾಯಮೂರ್ತಿಗಳಿಗೆ ತಿಳಿಯದ ಮಾತೇ? ನಮಗೂ ಸರ್ಕಾರ ಮನೆ ಕೊಟ್ಟಿದೆ, ಇಲ್ಲವೆನ್ನುವುದಿಲ್ಲ. ಜನತಾ ಮನೆ ಕೊಟ್ಟಿತು, ಆಶ್ರಯ ಮನೆ ಕೊಟ್ಟಿತು. ಎಲ್ಲಿ? ಹಳೆಯ ಕೇರಿಯ ಪಕ್ಕ ಹೊಸ ಕೇರಿ. ಹೆಸರು ಅಂಬೇಡ್ಕರ್ ನಗರ, ಇರುವುದು ಊರಾಚೆ.

ಬೇರೆ ದೇಶದ ಮಾತು ಹೇಳಿದರೆ ಕೆಲವರು ನಗುತ್ತಾರೆ. ನಗಲಿ. ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ಷಿಕಾಗೋ ನಗರದ ಬಡ ಓಣಿಯಲ್ಲಿ ಬಾಡಿಗೆ ಮನೆ ಹಿಡಿದು ವಸತಿಯ ಹೋರಾಟ ಹೂಡಿದರು. ಬಿಳಿಯರ ಬಡಾವಣೆಯಲ್ಲಿ ಮೆರವಣಿಗೆ ಹೋದಾಗ ಕಲ್ಲೇಟು ತಿಂದರು. 1968ರ ಏಪ್ರಿಲ್‌ನಲ್ಲಿ ಅವರನ್ನು ಕೊಂದ ಒಂದು ವಾರಕ್ಕೆ ವರ್ಣ ನೋಡಿ ಮನೆ ನಿರಾಕರಿಸಬಾರದೆಂಬ ಕಾನೂನು ಬಂತು. ಇತ್ತ ನೆದರ್ಲೆಂಡ್ಸ್ ಎಂಬ ಪುಟ್ಟ ದೇಶದಲ್ಲಿ 2023ರ ಜುಲೈ 1ರಿಂದ ಒಂದು ಹೊಸ ಕಾನೂನು ಜಾರಿಗೆ ಬಂದಿದೆ. ಅಲ್ಲೂ ಹೆಸರು ನೋಡಿ, ಮೈಬಣ್ಣ ನೋಡಿ ಮನೆ ಇಲ್ಲ ಎನ್ನುವವರಿದ್ದಾರೆ, ಅದು ಸ್ವರ್ಗವೇನಲ್ಲ. ಆದರೆ ಮನೆ ಬಾಡಿಗೆಗೆ ಕೊಡುವವನು ಬಾಡಿಗೆದಾರನನ್ನು ಹೇಗೆ ಆರಿಸುತ್ತೇನೆ, ಭೇದ ಮಾಡದಂತೆ ಹೇಗೆ ನಡೆಯುತ್ತೇನೆ ಎಂಬುದನ್ನು ಬರವಣಿಗೆಯಲ್ಲಿ ಇಟ್ಟಿರಬೇಕು. ದೂರು ಕೇಳಲು ಪ್ರತಿ ಪುರಸಭೆಯಲ್ಲೂ, ಹಳ್ಳಿಗಾಡಿನ ಸಣ್ಣ ಪುರಸಭೆಯಲ್ಲೂ ಒಂದು ಕಡೆ ಇರಬೇಕು. ತಪ್ಪು ಮಾಡಿದವನಿಗೆ ಪುರಸಭೆಯೇ ದಂಡ ಹಾಕಬಹುದು. ನಮ್ಮ ನಗರಸಭೆ, ಪುರಸಭೆ, ಗ್ರಾಮ ಪಂಚಾಯತಿಗಳು ಮನೆಗೆ ತೆರಿಗೆ ಹಾಕುತ್ತವೆ, ನಳಕ್ಕೆ ತೆರಿಗೆ ಹಾಕುತ್ತವೆ. ಆ ಮನೆಯ ಬಾಗಿಲಲ್ಲಿ ನಡೆಯುವ ಅಪರಾಧ ತಮಗೆ ಸಂಬಂಧಿಸಿದ್ದಲ್ಲ ಎಂದು ಅವಕ್ಕೆ ಹೇಳಿದವರು ಯಾರು? ಕೇಳಬೇಕಾದವರು ಕೇಳಿಲ್ಲ, ಅಷ್ಟೇ.

ಕೇಳೋಣ. ಅದಕ್ಕೆ ಮೊದಲು ಸಾಕ್ಷಿ ಬೇಕು. ಸುಖದೇವ ಥೋರಟ್ ಮತ್ತು ಸಂಗಡಿಗರು ದೆಹಲಿಯ ಸುತ್ತಮುತ್ತ ಒಂದೇ ಮನೆಗೆ ಬೇರೆ ಬೇರೆ ಜಾತಿ, ಧರ್ಮದ ಹೆಸರಿನವರಿಂದ ಕೇಳಿಸಿ, ಉತ್ತರ ಹೇಗೆ ಬದಲಾಗುತ್ತದೆಂದು 2015ರಲ್ಲಿ ಪ್ರಕಟಿಸಿದರು. ಇದಕ್ಕೆ ವಿಶ್ವವಿದ್ಯಾಲಯ ಬೇಕಿಲ್ಲ, ಇಬ್ಬರು ಗೆಳೆಯರು ಸಾಕು. ಮೊದಲು ನಮ್ಮವನೊಬ್ಬ ತನ್ನ ನಿಜವಾದ ಅಡ್ಡಹೆಸರು ಹೇಳಿ ಹೋಗಲಿ. ಮನೆ ಇಲ್ಲ ಎಂದ ಅರ್ಧ ಗಂಟೆಗೆ ಬೇರೆ ಜಾತಿಯ ಗೆಳೆಯ ಹೋಗಿ ಅದೇ ಮನೆ ಕೇಳಲಿ. ಸಿಕ್ಕರೆ, ಇಬ್ಬರೂ ಕೂಡಿ ಠಾಣೆಗೆ ಹೋಗಿ 4ನೇ ಕಲಮು, 12ನೇ ಕಲಮು ಎಂದು ಅರ್ಜಿಯಲ್ಲಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಹಾಸ್ಟೆಲಿನ ವಿದ್ಯಾರ್ಥಿಗಳು ಕೋರ್ಸು ಮುಗಿಯುವ ಮುಂಚೆಯೇ ಈ ಕೆಲಸ ಶುರು ಮಾಡಬಹುದು, ಹಾಸ್ಟೆಲು ಬಿಟ್ಟ ಮರುದಿನವೇ ಈ ಬಾಗಿಲುಗಳು ಎದುರಾಗುತ್ತವೆ. ನೋಟೀಸು ಬಂದ ಮಾಸ್ತರರು ಉತ್ತರದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯಲಿ. ಒಬ್ಬರೇ ಬರೆದರೆ ಅಂಜಿಕೆ ಎನಿಸಿದರೆ ತಾಲೂಕಿನ ಹತ್ತು ಜನ ಒಂದೇ ದಿನ ಬರೆಯಲಿ.

ನಮಗೂ ಬರೆಯಿರಿ, ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಸಾಕು. ಊರು, ಓಣಿ, ತಾರೀಖು, ಹೇಳಿದ ಬಾಡಿಗೆ, ಕೊಟ್ಟ ನೆಪ. ನೆಪವನ್ನು ಮಾತ್ರ ತಿದ್ದಬೇಡಿ, ಅವರು ಆಡಿದ ಮಾತಿನಲ್ಲೇ ಬರೆಯಿರಿ.